ಸಂಗೀತ ಕುರ್ಚಿಯ ಕ್ಯಾಸೆಟ್

ಮೊಮ್ಮಗಳು ಹಿಬಾಳಿಗೆ ಬರುವ ತಿಂಗಳು ಹನ್ನೊಂದು ತುಂಬುತ್ತದೆ. ಪುತ್ತೂರಿನಲ್ಲಿರುವ ನನ್ನ ಮಗಳ ಮನೆಗೆ ಅವಳ ಹದಿನಾಲ್ಕು ಮಂದಿ ಗೆಳತಿಯರನ್ನು ಕರೆಯುವುದೆಂದು ನಿಶ್ಚಯವಾಗಿದೆ. ಬಂದ ಮಕ್ಕಳಿಂದ ಮೂರು ಗಂಟೆಯ ಹೊತ್ತು ಏನೇನು ಆಡಿಸುವುದು ಎಂಬ ಪಟ್ಟಿಯನ್ನು ಹಿಬಾ ಗೆರೆ ಎಳೆದ ಪುಸ್ತಕದಲ್ಲಿ ಬರೆದಿದ್ದಾಳೆ. ಯಾವ ಆಟಕ್ಕೆ ಎಷ್ಟು ನಿಮಿಷ, ಮಳೆ ಬಂದರೆ ಅಂಗಳದ ಆಟದ ಬದಲಿಗೆ ಯಾವುದು, ಜಗಳವಾದರೆ ತೀರ್ಪು ಯಾರದು, ಎಲ್ಲವೂ ಅದರಲ್ಲಿದೆ. ಈ ಗುಣ ನನ್ನಿಂದ ಬಂದದ್ದೆಂದು ಮಗಳು ಹೇಳುತ್ತಾಳೆ. ಹೊಗಳಿಕೆಯಾಗಿ ಹೇಳುವುದಿಲ್ಲ, ಹೇಳುವಾಗ ಅವಳ ಮುಖ ಅಡುಗೆಮನೆಯ ಕಡೆಗಿರುತ್ತದೆ. ಅದನ್ನೂ ನಾನು ಗಮನಿಸಿದ್ದೇನೆ. ಪಟ್ಟಿಯ ನಾಲ್ಕನೆಯ ಸಾಲಿನಲ್ಲಿ ಸಂಗೀತ ಕುರ್ಚಿ ಎಂದಿತ್ತು. ಅದರ ಮುಂದೆ ನನ್ನ ಹೆಸರಿತ್ತು.

"ಉಮ್ಮಾಮ, ಹಾಡು ನಿಲ್ಲಿಸುದು ನೀವು. ಗೋಡೆ ಕಡೆ ತಿರುಗಿ ಕೂತ್ಕೊಳ್ಬೇಕು. ಹಿಂದೆ ನೋಡ್ಲಿಕ್ಕಿಲ್ಲ."

"ನನಗೆ ಯಾಕೆ? ನಿನ್ನ ಉಮ್ಮನಿಗೆ ಹೇಳು."

"ಉಮ್ಮ ನನ್ನನ್ನೇ ಗೆಲ್ಲಿಸ್ತಾರೆ, ಮತ್ತೆ ಎಲ್ಲರದ್ದೂ ಗಲಾಟೆ. ನೀವು ಮೋಸ ಮಾಡುದಿಲ್ಲ ಅಂತ ಎಲ್ಲರಿಗೂ ಗೊತ್ತುಂಟು."

ತಲೆನೋವೆಂದು ಹೇಳಿ ಎದ್ದುಬಂದೆ. ಹಿಬಾ ಆ ಸಾಲನ್ನು ಹೊಡೆದು ಹಾಕಲಿಲ್ಲ. ನನ್ನ ಹೆಸರಿನ ಪಕ್ಕ ಪೆನ್ಸಿಲಿನಿಂದ ಒಂದು ಪ್ರಶ್ನೆಯ ಗುರುತು ಹಾಕಿದಳು. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವಳು ನಾನು. ಉತ್ತರಪತ್ರಿಕೆಯಲ್ಲಿ ಅರ್ಧ ಅಂಕವನ್ನೂ ಯಾರ ಮುಲಾಜಿಗೂ ಕೊಟ್ಟವಳಲ್ಲ. ಯಾರು, ಯಾವ ಜಗಲಿಯಲ್ಲಿ, ಎಷ್ಟು ಜನರ ಎದುರಿಗೆ ನನಗೆ ಏನೆಂದರು ಎಂಬುದನ್ನು ಇವತ್ತಿಗೂ ತಪ್ಪಿಲ್ಲದೆ ಹೇಳಬಲ್ಲೆ. ಹೇಳಿ ಕೆಲವು ನೆಂಟಸ್ತಿಕೆಗಳನ್ನು ಕಳೆದುಕೊಂಡಿದ್ದೇನೆ. ಆದರೆ ನನ್ನದೇ ಹನ್ನೆರಡನೆಯ ಹುಟ್ಟುಹಬ್ಬದ ದಿನ ನಾನು ಮಾಡಿದ್ದನ್ನು ಇಷ್ಟು ವರ್ಷಗಳಲ್ಲಿ ಒಬ್ಬರಿಗೂ ಹೇಳಿಲ್ಲ.

ಕಬಕದ ನಮ್ಮ ಅಜ್ಜಿಯ ಮನೆ ರಸ್ತೆಗಿಂತ ಆರು ಮೆಟ್ಟಿಲು ಕೆಳಗಿತ್ತು. ವಿಟ್ಲದ ಕಡೆಗೆ ತಿರುಗುವ ಬಸ್ಸು ಗೇರು ಬದಲಿಸುವಾಗ ನಮ್ಮ ಅಡುಗೆಮನೆಯ ತಟ್ಟೆಗಳು ಗಲಗಲ ಎನ್ನುತ್ತಿದ್ದವು. ಆಗಿನ ನಮ್ಮವರ ರೂಢಿಯಂತೆ ಮದುವೆಯಾದ ಹೆಣ್ಣುಮಕ್ಕಳು ತಾಯಿಯ ಮನೆಯಲ್ಲೇ ಉಳಿಯುತ್ತಿದ್ದರು. ಗಂಡಂದಿರು ಬಂದು ಹೋಗುವವರು. ಅಜ್ಜಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವರನ್ನು ನಾನು ಮೂತಮ್ಮ ಎಂದು ಕರೆಯುತ್ತಿದ್ದೆ. ಅವರದು ಪಡುವಣ ಕೋಣೆ, ಅಲ್ಲಿ ಅವರ ಮಗಳು ಸಫಿಯಾ. ಕಿರಿಯವಳು ನನ್ನ ಉಮ್ಮ. ನಮ್ಮದು ಮೂಡಣ ಕೋಣೆ. ಸಫಿಯಾ ನನಗಿಂತ ಆರು ತಿಂಗಳಿಗೆ ದೊಡ್ಡವಳು. ಎರಡು ಕೋಣೆಗಳ ನಡುವೆ ನಡುಮನೆ, ನಡುಮನೆಯಲ್ಲಿ ಒಂದು ಸ್ಟೂಲು, ಸ್ಟೂಲಿನ ಮೇಲೆ ಕಸೂತಿಯ ಬಟ್ಟೆ ಹೊದಿಸಿದ, ರೇಡಿಯೊ ಟೇಪು ಎರಡೂ ಇದ್ದ ಟೂ ಇನ್ ಒನ್. ಅದನ್ನು ಕಳಿಸಿದ್ದು ಗಲ್ಫಿನಲ್ಲಿದ್ದ ನನ್ನ ಉಪ್ಪ. ಸಫಿಯಾಳ ತಂದೆಯೂ ಅಲ್ಲೇ ಇದ್ದರು, ಬೇರೆ ಊರಿನಲ್ಲಿ. ಅವರನ್ನು ನಾನು ಮೂತಾಪ ಎನ್ನುತ್ತಿದ್ದೆ. ಮನೆಯೊಳಗೆ ನಮ್ಮದೆಲ್ಲ ಬ್ಯಾರಿ ಮಾತು. ಈ ನೆನಪುಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕಾಗದ ಬರೆಯಲು ಓದಲು ಎಲ್ಲರಿಗೂ ಬಾರದ ಮನೆಗಳಲ್ಲಿ ಆಗ ಕ್ಯಾಸೆಟ್ಟೇ ಕಾಗದ. ಗಂಡಸರು ಅಲ್ಲಿ ಮಾತಾಡಿ ತುಂಬಿಸಿದ ಕ್ಯಾಸೆಟ್ಟನ್ನು ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಕಳಿಸುತ್ತಿದ್ದರು. ಮನೆಯವರೆಲ್ಲ ನಡುಮನೆಯ ಚಾಪೆಯಲ್ಲಿ ಕುಳಿತು ಕೇಳುವುದು, ಆಮೇಲೆ ಹೆಂಗಸರು ಒಬ್ಬೊಬ್ಬರೇ ಕೋಣೆಯ ಬಾಗಿಲು ಹಾಕಿಕೊಂಡು ಉತ್ತರ ತುಂಬಿಸುವುದು. ಹಳೆಯ ಮಾತಿನ ಮೇಲೆ ಹೊಸ ಮಾತು ತುಂಬಿಸಿ, ಅದೇ ಕ್ಯಾಸೆಟ್ಟು ನಾಲ್ಕೈದು ಸಲ ಕಡಲು ದಾಟುತ್ತಿತ್ತು. ಇಟ್ಟುಕೊಳ್ಳಬೇಕಾದದ್ದಕ್ಕೆ ಮಾತ್ರ ಮೇಲಿನ ಚೀಟಿಯಲ್ಲಿ ಹೆಸರು ಬರೆಯುವ ಪದ್ಧತಿ. ಹೆಸರಿಲ್ಲದ್ದು ಖಾಲಿ ಎಂದೇ ಅರ್ಥ. ಅದರ ಮೇಲೆ ಯಾರು ಬೇಕಾದರೂ ತುಂಬಿಸಬಹುದು. ಹೆಸರು ಬರೆಯುವ ಕೆಲಸ ನನ್ನದು. ಮೂತಮ್ಮನಿಗೆ ಅಕ್ಷರ ಬಾರದು, ಉಮ್ಮನ ಅಕ್ಷರ ಚೀಟಿಯೊಳಗೆ ನಿಲ್ಲುತ್ತಿರಲಿಲ್ಲ, ಸಫಿಯಾ ಕೂತಲ್ಲಿ ಕೂರುವವಳಲ್ಲ. ನಾನು ಅಡಿಕೋಲು ಇಟ್ಟು ಗೆರೆ ಎಳೆದು ಬರೆಯುತ್ತಿದ್ದೆ.

ಮೂತಾಪನಿಗೆ ಆ ಯಂತ್ರದ ಎದುರು ಬಹಳ ನಾಚಿಕೆ. ಗುಂಡಿ ಒತ್ತಿದ ಮೇಲೆ ಒಂದೆರಡು ನಿಮಿಷ ಸುಮ್ಮನೆ ಕುಳಿತಿರುತ್ತಿದ್ದರು. ಆ ಮೌನವನ್ನು ದೊಡ್ಡವರು ಮೊದಲೇ ಓಡಿಸಿಟ್ಟು, ಮಾತು ಶುರುವಾಗುವಲ್ಲಿಗೆ ತಂದು, ಆಮೇಲೆ ನಮ್ಮನ್ನು ಕರೆಯುತ್ತಿದ್ದರು. ಅವರ ಕೊನೆಯ ಕ್ಯಾಸೆಟ್ಟು ಬಂದ ದಿನ ನಾನು ಸಫಿಯಾಳ ಪಕ್ಕದಲ್ಲೇ ಕುಳಿತಿದ್ದೆ. ಅಜ್ಜಿಯ ಮೊಣಗಂಟನ್ನು ವಿಚಾರಿಸಿದರು, ಉಮ್ಮನನ್ನು ವಿಚಾರಿಸಿದರು, ಕರು ಹಾಕಿದ ಹಸುವನ್ನು ವಿಚಾರಿಸಿದರು, ಪಕ್ಕದ ಮನೆಯವರನ್ನೂ ಬಿಡಲಿಲ್ಲ. ನನ್ನ ಹೆಸರು ಬರಲಿಲ್ಲ. ಕೊನೆಯವರೆಗೂ ಕಾದೆ, ಬರಲಿಲ್ಲ. ಹಸುವಿನ ಹೆಸರು ಹೇಳಿದವರಿಗೆ ನನ್ನದು ನೆನಪಾಗಲಿಲ್ಲವೆಂಬುದು ನನಗೆ ಬಹಳ ದೊಡ್ಡ ಮಾತಾಗಿತ್ತು. ಮೂರು ವಾರ ಕಳೆದು ಅವರು ಎದೆನೋವಿನಿಂದ ಅಲ್ಲೇ ತೀರಿಕೊಂಡರೆಂಬ ಸುದ್ದಿ ಬಂತು. ಮಣ್ಣೂ ಅಲ್ಲೇ ಆಯಿತು. ಸಫಿಯಾ ತಂದೆಯನ್ನು ಕೊನೆಯದಾಗಿ ನೋಡಿ ಆಗಲೇ ಮೂರು ವರ್ಷ ಕಳೆದಿತ್ತು. ಗಂಡ ತೀರಿದವರು ಮನೆಯೊಳಗೇ ಇರಬೇಕಾದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮೂತಮ್ಮ ಪಡುವಣ ಕೋಣೆಯಿಂದ ಹೊರಗೆ ಕಾಣಿಸಲಿಲ್ಲ. ಆಮೇಲೆ ಪ್ರತಿ ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ, ಸಫಿಯಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ದನಿ ತಗ್ಗಿಸಿ ಆ ಕ್ಯಾಸೆಟ್ಟನ್ನು ಕೇಳುತ್ತಿದ್ದರು.

ಸಾವಿನ ಮನೆಯೆಂದು ಆ ವರ್ಷ ನಾವು ಸಫಿಯಾಳಿಗೆ ತಗ್ಗಿ ನಡೆಯಬೇಕಾಗಿತ್ತು. ನಾನು ತಗ್ಗಿಯೇ ನಡೆದೆ. ಅವಳಿಗೆ ಮೀನಿನ ನಡುತುಂಡು, ನನಗೆ ಬಾಲ. ಅವಳು ಮದರಸಕ್ಕೆ ಹೋಗದಿದ್ದರೆ ಯಾರೂ ಕೇಳುವುದಿಲ್ಲ. ಇವನ್ನೆಲ್ಲ ಸಹಿಸಿದೆ. ಒಂದನ್ನು ಸಹಿಸಲಾಗಲಿಲ್ಲ. ಒಂದು ರಜೆಯ ಸಂಜೆ ಅಂಗಳದಲ್ಲಿ ಎರಡು ಗುಂಪು ಮಾಡಿ ಓಡುವ ಆಟ. ಸಫಿಯಾ ಒಂದು ಗುಂಪಿನ ನಾಯಕಿ. ಒಬ್ಬೊಬ್ಬರನ್ನೇ ಆರಿಸಿಕೊಂಡಳು. ಏಳು ಜನರ ಪೈಕಿ ಕೊನೆಗೆ ಉಳಿದವಳು ನಾನು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಹೇಳಿದಳು:

"ಜೊಹರಾ ಜಗಲಿಯಲ್ಲಿ ಕೂತು ಲೆಕ್ಕ ಬರೀಲಿ. ಓಡುದು ಅವಳ ಕೈಯಿಂದ ಆಗುದಿಲ್ಲ. ಲೆಕ್ಕ ಆದ್ರೆ ನಾಳೆಯವರೆಗೆ ಬರೀತಾಳೆ."

ಎಲ್ಲರೂ ನಕ್ಕರು. ನಾಲ್ಕನೆಯ ಮನೆಯ ಸುಮತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಜಗಲಿಯಲ್ಲಿ ಕುಳಿತು ಲೆಕ್ಕ ಬರೆದೆ, ಸರಿಯಾಗಿಯೇ ಬರೆದೆ. ಸಫಿಯಾಳ ಗುಂಪು ಗೆದ್ದಿತ್ತು.

ಇದಾದ ತಿಂಗಳೊಳಗೆ ಉಪ್ಪನ ಕ್ಯಾಸೆಟ್ಟು ಬಂತು. ಅವರು ಕೆಲಸ ಮಾಡುವ ಮನೆಯಲ್ಲಿ ಮಕ್ಕಳ ಹುಟ್ಟಿದ ದಿನಕ್ಕೆ ಬಲೂನು ಕಟ್ಟಿ ಆಟ ಆಡಿಸುತ್ತಾರಂತೆ. ಅದನ್ನು ನೋಡುವಾಗಲೆಲ್ಲ ನಾನು ನೆನಪಾಗುತ್ತೇನಂತೆ. ಈ ಸಲ ಜೊಹರಾಳ ಗೆಳತಿಯರನ್ನು ಕರೆದು ಮನೆಯಲ್ಲೇ ಸಣ್ಣದಾಗಿ ಮಾಡಿ ಎಂದಿದ್ದರು. ಅಜ್ಜಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸಿದರು.

"ಹುಟ್ಟಿದ ದಿನಕ್ಕೆ ಜನ ಕರೆಯುದಾ? ನಮ್ಮಲ್ಲಿ ಸತ್ತವರ ದಿನಕ್ಕೆ ಕರೆದು ಊಟ ಹಾಕುದು. ಅದೂ ಈ ಮನೆಯಲ್ಲಿ ಹೋದವರ ವರ್ಷದ ಆಂಡು ಇನ್ನೂ ಆಗಿಲ್ಲ. ಊರವರು ಎಂತ ಹೇಳಿಯಾರು?"

ಉಮ್ಮ ತಲೆ ತಗ್ಗಿಸಿದಳು. ನಾನು ಮೂಡಣ ಕೋಣೆಗೆ ಹೋಗಿ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಆಗ ಮೂತಮ್ಮ ಪಡುವಣ ಕೋಣೆಯಿಂದ ಹೊರಗೆ ಬಂದರು. ಬಿಳಿಯ ಬಟ್ಟೆಯಲ್ಲಿದ್ದರು. ಅಜ್ಜಿಗೆ ಹೇಳಿದರು:

"ಮಾಡಿ ಉಮ್ಮ. ಮಗುವಿನ ಉಪ್ಪ ಬದುಕಿದ್ದಾರೆ, ಬಾಯಿಬಿಟ್ಟು ಕೇಳಿದ್ದಾರೆ. ಇಲ್ಲ ಅಂತ ಹೇಳುದು ಬೇಡ. ಅಡಿಗೆ ನಾನು ಮಾಡ್ತೇನೆ. ಸಫಿಯಾನಿಗೂ ಒಂದು ದಿನ ನಗ್ಲಿಕ್ಕೆ ಆಗ್ತದೆ."

ಹೀಗೆ ನನ್ನ ಹುಟ್ಟುಹಬ್ಬಕ್ಕೆ ಒಪ್ಪಿಗೆ ಕೊಡಿಸಿದವರು ಮೂತಮ್ಮ. ಸಾಲು ಸಾಲಾಗಿ ದೂರುಗಳನ್ನು ನೆನಪಿಟ್ಟುಕೊಂಡ ನನಗೆ ಈ ಉಪಕಾರವನ್ನು ನೆನಪಿಸಿಕೊಳ್ಳಲು ಐವತ್ತು ದಾಟಬೇಕಾಯಿತು.

ಆಟಗಳನ್ನು ಯೋಚಿಸುವ ಭಾರವನ್ನು ನಾನೇ ಕೇಳಿ ವಹಿಸಿಕೊಂಡೆ. ಹನ್ನೆರಡು ದಿನ ಹಿಡಿಯಿತು. ತಟ್ಟೆಯಲ್ಲಿ ಇಪ್ಪತ್ತು ಸಾಮಾನಿಟ್ಟು, ಬಟ್ಟೆ ಮುಚ್ಚಿ, ನೆನಪಿನಿಂದ ಬರೆಯುವ ಆಟ. ಅದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಮಸಿಯಿಂದ ಗೋಡೆಯ ಮೇಲೆ ಬಾಲವಿಲ್ಲದ ಆನೆ ಬರೆದು, ಕಣ್ಣು ಕಟ್ಟಿ ಬಾಲ ಅಂಟಿಸುವುದು. ಚಮಚದಲ್ಲಿ ಲಿಂಬೆಹಣ್ಣು ಬೇಡವೆಂದು ಬಿಟ್ಟೆ. ಅದರಲ್ಲಿ ಓಡಬೇಕು, ಓಡಿದರೆ ಸಫಿಯಾ ಗೆಲ್ಲುತ್ತಾಳೆ. ಆದರೆ ಅವಳು ಗೆಲ್ಲುತ್ತೇನೆಂದು ನಂಬಿದ ಆಟದಲ್ಲೇ, ಎಲ್ಲರ ಎದುರಿಗೆ ಅವಳು ಸೋಲಬೇಕು. ಅದಕ್ಕೆ ಸಂಗೀತ ಕುರ್ಚಿ. ಹಾಡು ಯಾವಾಗ ನಿಲ್ಲುತ್ತದೆಂದು ಯಾರಿಗೂ ಗೊತ್ತಿರದ ಆಟದಲ್ಲಿ ಕಾಲು ಚುರುಕಿದ್ದವರು ಗೆಲ್ಲುತ್ತಾರೆ. ಅದು ಒಬ್ಬರಿಗೆ ಮೊದಲೇ ಗೊತ್ತಿದ್ದರೆ, ಲೆಕ್ಕ ಬರುವವರು ಗೆಲ್ಲುತ್ತಾರೆ.

ನನ್ನ ಉಪಾಯ ಇದು. ರೇಡಿಯೊದ ಹಾಡುಗಳನ್ನು ಕ್ಯಾಸೆಟ್ಟಿಗೆ ತುಂಬಿಸುವುದು. ನಲವತ್ತು ಎಣಿಸಿ ಹಾಡನ್ನು ತುಂಡರಿಸುವುದು, ಹತ್ತು ಎಣಿಸುವಷ್ಟು ಹೊತ್ತು ಏನೂ ತುಂಬಿಸದೆ ಕ್ಯಾಸೆಟ್ಟನ್ನು ಸುಮ್ಮನೆ ಓಡಿಸುವುದು, ಮತ್ತೆ ಹಾಡು. ಎರಡನೆಯದು ಮೂವತ್ತಕ್ಕೆ, ಮೂರನೆಯದು ಎಪ್ಪತ್ತಕ್ಕೆ, ನಾಲ್ಕನೆಯದು ಇಪ್ಪತ್ತೈದಕ್ಕೆ. ಒಂಬತ್ತು ಹುಡುಗಿಯರು, ಎಂಟು ಸುತ್ತು, ಎಂಟು ಬಿಡುವು. ಹೀಗೆ ಮಾಡಿದರೆ ಗುಂಡಿಯ ಹತ್ತಿರ ಯಾರೂ ನಿಲ್ಲಬೇಕಾಗಿಲ್ಲ, ಯಾರ ಮೇಲೂ ಸಂಶಯ ಬಾರದು. ಅಂಕೆಗಳನ್ನು ಎಲ್ಲೂ ಬರೆದಿಡದೆ ಬಾಯಿಪಾಠ ಮಾಡಿದೆ. ಸಫಿಯಾ ಮೊದಲನೆಯ ಸುತ್ತಿನಲ್ಲೇ ಹೊರಗೆ ಹೋದರೆ ಕೆಟ್ಟದಾಗಿ ಕಾಣುತ್ತದೆಂದು ಅವಳನ್ನು ಮೂರನೆಯ ಸುತ್ತಿಗೆ ಇಟ್ಟುಕೊಂಡೆ.

ಒಂದು ಶುಕ್ರವಾರ ಮಧ್ಯಾಹ್ನ ಉಮ್ಮ ಮಲಗಿದ್ದಳು. ಮೂತಮ್ಮ ಕ್ಯಾಸೆಟ್ಟು ಕೇಳಿ ಮುಗಿಸಿ, ಅಜ್ಜಿ ಕರೆದರೆಂದು ಎದ್ದು ಹಿತ್ತಿಲಿಗೆ ಹೋಗಿದ್ದರು. ಗೋಡೆಯ ಗೂಡಿನಲ್ಲಿ, ಉತ್ತರ ತುಂಬಿಸಲು ಇಡುವ ಖಾಲಿ ಕ್ಯಾಸೆಟ್ಟುಗಳ ಜಾಗದಲ್ಲಿ, ಒಂದೇ ಒಂದು ಕ್ಯಾಸೆಟ್ಟಿತ್ತು. ಚೀಟಿಯಲ್ಲಿ ಹೆಸರಿರಲಿಲ್ಲ. ಆದರೂ ನಾನು ನಾನೇ ಅಲ್ಲವೇ, ಮೊದಲಿಗೆ ಸುತ್ತಿ ತಂದು ಪರೀಕ್ಷೆ ಮಾಡಿದೆ. ಒಂದು ನಿಮಿಷ ಕಿವಿಯಿಟ್ಟು ಕೇಳಿದೆ. ಸುಯ್ ಎಂಬ ಸದ್ದಲ್ಲದೆ ಮತ್ತೇನೂ ಇರಲಿಲ್ಲ. ಖಾಲಿ ಎಂದು ತೀರ್ಮಾನಿಸಿದೆ. ಮತ್ತೆ ಮೊದಲಿಗೆ ಸುತ್ತಿ, ಉಮ್ಮನಿಗೆ ಎಚ್ಚರವಾಗದಿರಲೆಂದು ದನಿಯನ್ನು ಪೂರ್ತಿ ಇಳಿಸಿ, ಎಣಿಸುತ್ತಾ ತುಂಬಿಸಿದೆ. ಊಟದ ಹೊತ್ತಿಗೂ ಹಾಡಿರಲೆಂದು ಎಂಟು ಬಿಡುವು ಮುಗಿದ ಮೇಲೆ ಆ ಬದಿಯ ಕೊನೆಯವರೆಗೂ ತುಂಬಿಸಿದೆ. ಆಮೇಲೆ ಮೊದಲಿನಿಂದ ಹಾಕಿ ನೋಡಿದೆ. ಮೊದಲ ಬಿಡುವು ಸರಿಯಾಗಿತ್ತು. ಎರಡನೆಯದೂ ಸರಿಯಾಗಿತ್ತು. ಅಷ್ಟರಲ್ಲಿ ಹಿತ್ತಿಲಲ್ಲಿ ಮೂತಮ್ಮನ ಹೆಜ್ಜೆ ಕೇಳಿತು; ಕ್ಯಾಸೆಟ್ಟು ತೆಗೆದು ನನ್ನ ಶಾಲೆಯ ಚೀಲಕ್ಕೆ ಹಾಕಿದೆ. ಉಳಿದ ಆರನ್ನು ಪರೀಕ್ಷಿಸಲಿಲ್ಲ.

ಗೂಡಿನಲ್ಲಿ ಕ್ಯಾಸೆಟ್ಟು ಕಾಣದೆ ಮೂತಮ್ಮ ಎರಡು ದಿನ ಹುಡುಕಿದರು. ಪಡುವಣ ಕೋಣೆಯ ಪೆಟ್ಟಿಗೆಯನ್ನೆಲ್ಲ ಬರಿದು ಮಾಡಿ ಮತ್ತೆ ತುಂಬಿದ್ದನ್ನು ನಾನು ನೋಡಿದ್ದೇನೆ. ಏನು ಹುಡುಕುತ್ತೀರಿ ಎಂದು ಕೇಳಲಿಲ್ಲ. ಆ ದಿನಗಳಲ್ಲಿ ನನ್ನ ತಲೆಯೊಳಗೆ ನಲವತ್ತು, ಮೂವತ್ತು, ಎಪ್ಪತ್ತು ಬಿಟ್ಟರೆ ಬೇರೆ ಏನೂ ಇರಲಿಲ್ಲ.

ಹುಟ್ಟುಹಬ್ಬ ಭಾನುವಾರ ಬಂತು. ಅಕ್ಕಪಕ್ಕದ ಮನೆಗಳಿಂದ ತಂದ ಎಂಟು ಮರದ ಕುರ್ಚಿಗಳು ನಡುಮನೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಂತವು. ಮೂತಮ್ಮ ಮುಂಜಾವದಲ್ಲೇ ಎದ್ದು ದಪ್ಪ ಪಾತ್ರೆಯಲ್ಲಿ ಮೊಟ್ಟೆ, ಮೈದಾ, ಸಕ್ಕರೆ ಕಲಸಿ, ಕೆಳಗೂ ಮುಚ್ಚಳದ ಮೇಲೂ ತೆಂಗಿನ ಗೆರಟೆಯ ಕೆಂಡವಿಟ್ಟು ಕೇಕು ಬೇಯಿಸಿದ್ದರು. ಒಂದು ಬದಿ ಸೀದಿತ್ತು. ಆ ಬದಿಯನ್ನು ಕತ್ತರಿಸಿ ತಾವೇ ಇಟ್ಟುಕೊಂಡರು. ತುಪ್ಪದನ್ನದ ಪರಿಮಳ ರಸ್ತೆಯವರೆಗೂ ಹೋಗಿತ್ತು. ತಟ್ಟೆಯ ಆಟದಲ್ಲಿ ನಾನು ಇಪ್ಪತ್ತಕ್ಕೆ ಇಪ್ಪತ್ತು ಬರೆದೆ. ಆನೆಯ ಬಾಲವನ್ನು ಸುಮತಿ ಅದರ ಹಣೆಗೆ ಅಂಟಿಸಿದಳು. ಅಜ್ಜಿ ಕೂಡ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಸಫಿಯಾ ಅವತ್ತು ನಿಜವಾಗಿ ಸಂತೋಷದಲ್ಲಿದ್ದಳು. ಬರಿಗಾಲಲ್ಲಿ ಕುಣಿದಾಡುತ್ತಾ ನನ್ನ ಕುತ್ತಿಗೆಗೆ ಕೈ ಹಾಕಿ, ಬಂದವರಿಗೆಲ್ಲ ಕೇಳುವಂತೆ ಹೇಳಿದಳು:

"ಇದೆಲ್ಲ ಜೊಹರಾ ಒಬ್ಬಳೇ ಆಲೋಚನೆ ಮಾಡಿದ್ದು, ಗೊತ್ತುಂಟಾ? ಇನ್ನು ನನ್ನದಕ್ಕೂ ಇವಳೇ ಮಾಡ್ಲಿಕ್ಕೆ."

ಆಗಲೂ ನಾನು ಮನಸ್ಸು ಬದಲಾಯಿಸಲಿಲ್ಲ.

ಕ್ಯಾಸೆಟ್ಟು ಹಾಕಿದೆ. ಮೊದಲನೆಯ ಸುತ್ತಿನಲ್ಲಿ ನಲವತ್ತಕ್ಕೆ ಹಾಡು ನಿಂತಿತು. ಸುಮತಿ ಹೊರಗೆ ಹೋದಳು. ಒಂದು ಕುರ್ಚಿ ತೆಗೆದೆವು. ಎರಡನೆಯದರಲ್ಲಿ ಇನ್ನೊಬ್ಬಳು. ಮೂರನೆಯದು ಶುರುವಾಯಿತು. ಏಳು ಮಂದಿ, ಆರು ಕುರ್ಚಿ. ನಾನು ಸಫಿಯಾಳ ಮುಂದೆಯೇ ನಡೆಯುವಂತೆ ನೋಡಿಕೊಂಡೆ. ಐವತ್ತಕ್ಕೆ ನಡಿಗೆ ತಗ್ಗಿಸಿದೆ. ಅರವತ್ತಕ್ಕೆ ಇನ್ನೂ ತಗ್ಗಿಸಿದೆ. ಅರವತ್ತೆಂಟಕ್ಕೆ ನಾನೊಂದು ಕುರ್ಚಿಯ ಎದುರಿಗಿದ್ದೆ, ಅವಳು ಕುರ್ಚಿಗಳ ಸಾಲು ತಿರುಗುವ ಮೂಲೆಯಲ್ಲಿದ್ದಳು. ಎಪ್ಪತ್ತಕ್ಕೆ ಹಾಡು ನಿಂತಿತು. ನಾನು ಕುಳಿತೆ. ಹಾಡು ನಿಂತ ಜಾಗದಲ್ಲಿ, ಪೂರ್ತಿ ದನಿಯಲ್ಲಿ, ಮೂತಾಪ ಮಾತಾಡಿದರು.

"...ಸಫಿಯಾನ ಕಾಲಿನ ಅಳತೆ ಒಂದು ನೂಲಲ್ಲಿ ತೆಗೆದು ಕಳಿಸಿ. ಇಲ್ಲಿ ಒಳ್ಳೆ ಚಪ್ಪಲಿ ಉಂಟು. ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ತೆಗಿರಿ, ಒಂದು ಬೆರಳು ಜಾಸ್ತಿ ಇರ್ಲಿ, ಅವಳು ಬೆಳೆಯುವ..."

ಮಕ್ಕಳು ತಳ್ಳಾಡಿ ಕುಳಿತರು. ಸಫಿಯಾ ನಿಂತೇ ಇದ್ದಳು. ಅವಳ ಕೈಗೆ ಎಟಕುವಲ್ಲೇ ಒಂದು ಕುರ್ಚಿ ಖಾಲಿ ಉಳಿದಿತ್ತು. ಕಡೆಗೆ ಅದರಲ್ಲೂ ಒಬ್ಬಳು ಹೋಗಿ ಕುಳಿತಳು. ನನ್ನ ಲೆಕ್ಕ ತಪ್ಪಿತ್ತು. ಅವಳ ಕಾಲಿನ ಚುರುಕಿಗೆ ಆ ಕುರ್ಚಿ ಸಿಗುವುದೇ ಆಗಿತ್ತು. ಅವಳು ಸೋತದ್ದು ನನ್ನ ಉಪಾಯದಿಂದಲ್ಲ. ತಂದೆಯ ಮಾತು ಕೇಳುತ್ತಾ ನಿಂತದ್ದರಿಂದ. ಆ ದನಿ ಯಾರದೆಂದು ನನಗೆ ಮೊದಲ ಶಬ್ದಕ್ಕೇ ತಿಳಿದಿತ್ತು. ತಿಳಿದ ಮೇಲೆ, ಕುಳಿತಲ್ಲಿಂದಲೇ, ಎಲ್ಲರಿಗಿಂತ ಮೊದಲು ನಾನು ಕೂಗಿದೆ:

"ಸಫಿಯಾ ಔಟ್!"

ಇದನ್ನು ಬರೆಯಲೆಂದೇ ಈ ಅಧ್ಯಾಯ ಬರೆದಿದ್ದೇನೆ.

ಹತ್ತು ಎಣಿಕೆ ಮುಗಿದು ಹಾಡು ಮತ್ತೆ ಶುರುವಾಯಿತು, ಮದುವೆಯ ಮೆರವಣಿಗೆಯಂಥ ಗಡಿಬಿಡಿಯ ಹಾಡು. ಸಫಿಯಾ ಸ್ಟೂಲಿನ ಎದುರು ಮೊಣಕಾಲೂರಿ, ಹಾಡುವ ಯಂತ್ರಕ್ಕೆ ಕಿವಿಯಿಟ್ಟು ಕುಳಿತಳು. ಅಡುಗೆಮನೆಯ ಬಾಗಿಲಲ್ಲಿ ಮೂತಮ್ಮ ಬಂದು ನಿಂತಿದ್ದರು, ಕೈಯಲ್ಲಿ ಸೌಟು. ಯಾವ ಗುಂಡಿ ಒತ್ತಬೇಕೆಂದು ಆ ಗಳಿಗೆಯಲ್ಲಿ ಅವರಿಗೆ ತೋಚಲಿಲ್ಲ. ಗೋಡೆಯಿಂದ ವಯರನ್ನೇ ಎಳೆದು ತೆಗೆದರು. ಉಮ್ಮ ನನ್ನ ರಟ್ಟೆ ಹಿಡಿದಳು.

"ಎಂತ ಮಾಡಿದ್ದಿ ನೀನು? ಇದು ಯಾವ ಕ್ಯಾಸೆಟ್ಟು?"

"ಅದರಲ್ಲಿ ಹೆಸರು ಇರ್ಲಿಲ್ಲ," ಎಂದೆ. ನನ್ನ ದನಿ ಏರಿತ್ತು. "ಹೆಸರು ಇಲ್ಲದ್ದು ಖಾಲಿ ಅಂತ ಅಲ್ವಾ ಈ ಮನೆಯಲ್ಲಿ? ಎಲ್ಲರದ್ದಕ್ಕೂ ನಾನು ಬರೆದುಕೊಟ್ಟಿದ್ದೇನೆ. ಇದಕ್ಕೆ ಯಾಕೆ ಬರೆಸ್ಲಿಲ್ಲ? ನನಗೆ ಹೇಗೆ ಗೊತ್ತಾಗುದು?"

ಮೂತಮ್ಮ ನನ್ನನ್ನು ನೋಡಿದರು. ಗದರಿಸಲಿಲ್ಲ, ಕೇಳಿದ್ದಕ್ಕೆ ಉತ್ತರ ಹೇಳುವವರಂತೆ ಹೇಳಿದರು:

"ನಿನ್ನ ಹತ್ತಿರ ಎರಡು ಸಲ ಕೇಳಿದ್ದೆ ಅಲ್ವಾ, ಮೋಳೇ. ನಾಳೆ ಬರೀತೇನೆ ಅಂದಿದ್ದಿ."

ಆಮೇಲೆ ಸೌಟನ್ನು ಇನ್ನೊಂದು ಕೈಗೆ ಬದಲಿಸಿ, "ಮಕ್ಕಳಿಗೆ ಹಸಿವಾಗ್ತದೆ. ಬನ್ನಿ, ಕೂತ್ಕೊಳ್ಳಿ," ಎಂದು ಎಲೆ ಹಾಕಿಸಿದರು. ಎಲ್ಲರಿಗೂ ತಾವೇ ಬಡಿಸಿದರು. ನನ್ನ ಎಲೆಗೂ.

ಹೌದು, ಕೇಳಿದ್ದರು. ಸಾವಿನ ಸುದ್ದಿ ಬರುವುದಕ್ಕೆ ಮೊದಲೊಮ್ಮೆ, ಬಂದ ಮೇಲೊಮ್ಮೆ. ನಾಳೆ ಎಂದಿದ್ದೆ. ನನ್ನ ಹೆಸರು ಹೇಳದವರ ಹೆಸರನ್ನು ನಾನೇಕೆ ಬರೆಯಬೇಕು ಎಂಬುದು ನನ್ನ ಮನಸ್ಸಿನಲ್ಲಿತ್ತು. ಮೂತಮ್ಮ ಮೂರನೆಯ ಸಲ ಕೇಳಲಿಲ್ಲ. ಅಕ್ಷರ ಬಾರದವರಿಗೆ ಕೇಳುವುದಕ್ಕೂ ಒಂದು ಮಿತಿಯಿರುತ್ತದೆಂದು, ನೂರಾರು ತಾಯಂದಿರು ಮಕ್ಕಳ ಅರ್ಜಿ ತುಂಬಿಸಲು ನನ್ನ ಮೇಜಿನ ಮುಂದೆ ನಿಂತು ಹಿಂದೆ ಸರಿದುಹೋಗುವುದನ್ನು ಕಂಡ ಮೇಲೆ ಅರ್ಥವಾಯಿತು.

ಅವರು ಆ ಕ್ಯಾಸೆಟ್ಟನ್ನು ಬಿಸಾಡಲಿಲ್ಲ. ನಾನು ತುಂಬಿಸದೆ ಬಿಟ್ಟ ಎಂಟು ಬಿಡುವುಗಳಲ್ಲಿ ಮಾತ್ರ ಹಳೆಯದು ಉಳಿದಿತ್ತು. ಅವುಗಳಲ್ಲಿ ಎರಡು ಮೂತಾಪನ ನಾಚಿಕೆಯ ಮೊದಲ ಮೌನಕ್ಕೆ ಹೋಗಿದ್ದವು. ಉಳಿದ ಆರರಲ್ಲಿ ಹತ್ತು ಹತ್ತು ಎಣಿಕೆಯಷ್ಟು ಅವರ ಮಾತು, ಎಲ್ಲ ಸೇರಿ ಒಂದು ನಿಮಿಷ. ಅದಕ್ಕಾಗಿ ಮೂತಮ್ಮ ಪ್ರತಿ ಶುಕ್ರವಾರ ಜಪಮಾಲೆ ಹಿಡಿದು, ಬಿಳಿಯ ಬಟ್ಟೆಯಲ್ಲಿ, ಆ ಮೆರವಣಿಗೆಯ ಹಾಡುಗಳನ್ನೆಲ್ಲ ಕೇಳುತ್ತಾ ಕುಳಿತಿರುತ್ತಿದ್ದರು. ರಸ್ತೆಯಲ್ಲಿ ಹೋಗುವವರು ಏನೆಂದುಕೊಂಡರೋ. ನಾನು ಆ ಹೊತ್ತಿಗೆ ಮೆಟ್ಟಿಲು ಹತ್ತಿ ಹೊರಗೆ ಹೋಗುತ್ತಿದ್ದೆ. ಕ್ಷಮೆ ಕೇಳಲಿಲ್ಲ. ಮನೆಯ ನಿಯಮದ ಪ್ರಕಾರ ಹೆಸರಿಲ್ಲದ ಕ್ಯಾಸೆಟ್ಟು ಖಾಲಿ. ಆ ನಿಯಮವನ್ನು ಹಿಡಿದುಕೊಂಡೇ ಬೆಳೆದೆ. ಬದಲಿಗೆ ಸಫಿಯಾಳ ತಪ್ಪುಗಳನ್ನು ಕೂಡಿಸುತ್ತಾ ಹೋದೆ. ನನ್ನ ಮದುವೆಯ ಮದರಂಗಿಯ ದಿನ ಎಲ್ಲರ ಕೈಗೂ ಹಚ್ಚಿ ನನ್ನ ಕೈಗೆ ಮಾತ್ರ ಬೇರೆಯವರನ್ನು ಕೂರಿಸಿದಳು. ಮಗಳು ಹುಟ್ಟಿದಾಗ ನಲವತ್ತನೆಯ ದಿನಕ್ಕೆ ತಾನು ಬರದೆ ತಾಯಿಯನ್ನು ಕಳಿಸಿದಳು. ನಾನು ನಿವೃತ್ತಳಾದಾಗ ಒಂದು ಫೋನು ಮಾಡಲಿಲ್ಲ. ಪ್ರತಿಯೊಂದನ್ನೂ ನೆಂಟರ ಎದುರು ಆಡಿದ್ದೇನೆ. ಇವಳಿಗೆ ನಾನು ಏನು ಕೆಟ್ಟದ್ದು ಮಾಡಿದ್ದೆ ಎಂದು ಕೇಳಿಯೂ ಇದ್ದೇನೆ, ಬಾಯಿಬಿಟ್ಟು.

ಮೂತಮ್ಮ ತೀರಿಕೊಂಡು ಬಹಳ ವರ್ಷವಾಯಿತು. ಸಫಿಯಾ ಮಗನ ಸಂಸಾರದೊಂದಿಗೆ ಕಡಬದಲ್ಲಿದ್ದಾಳೆ. ಹಿಬಾ ಪ್ರಶ್ನೆಯ ಗುರುತು ಹಾಕಿದ ಮರುದಿನ, ಮಧ್ಯಾಹ್ನದ ನಮಾಜು ಮುಗಿಸಿ, ಸಫಿಯಾಳಿಗೆ ಫೋನು ಮಾಡಿದೆ.

"ಎಂತ ಮಾರಾಯ್ತಿ, ನೀನಾಗಿ ಫೋನು ಮಾಡುದು? ಯಾರು ತೀರಿಹೋದ್ರು?"

"ಯಾರೂ ಇಲ್ಲ. ಹಿಬಾಳ ಬರ್ತ್‌ಡೇ ಉಂಟು. ನೀನು ಬರ್ಬೇಕು."

"ಬಂದು ಕುಣಿಲಿಕ್ಕಾ? ಮೊಣಗಂಟು ಹೋಗಿ ಎರಡು ವರ್ಷ ಆಯ್ತು ನನ್ನದು."

"ಮಕ್ಕಳು ಸಂಗೀತ ಕುರ್ಚಿ ಇಟ್ಟಿದ್ದಾರೆ," ಎಂದೆ.

ಆ ಕಡೆ ಅವಳ ಅಡುಗೆಮನೆಯಲ್ಲಿ ಕುಕ್ಕರು ಕೂಗಿತು. ಆಮೇಲೆ ನಾನು ಎಲ್ಲವನ್ನೂ ಹೇಳಿದೆ. ನಲವತ್ತು, ಮೂವತ್ತು, ಎಪ್ಪತ್ತನ್ನೂ ಹೇಳಿದೆ. ನಾಳೆ ಬರೆಯುತ್ತೇನೆಂದದ್ದು ಯಾಕೆಂದೂ ಹೇಳಿದೆ. ತಪ್ಪಾಯಿತು ಎಂದೆ. ಆ ಶಬ್ದವನ್ನು ಹೇಳುವ ಅಭ್ಯಾಸ ನನ್ನ ಬಾಯಿಗಿಲ್ಲ. ಎರಡು ಸಲ ಹೇಳಬೇಕಾಯಿತು.

"ಎಪ್ಪತ್ತಾ?" ಎಂದಳು ಸಫಿಯಾ. "ನಡ್ಕೊಂಡು ಎಪ್ಪತ್ತು ಎಣಿಸಿದ್ದಿಯಾ? ಕಳ್ಳಿ." ನಕ್ಕಳು ಎಂದು ತೋರುತ್ತದೆ. ಫೋನಿನಲ್ಲಿ ನನಗೆ ಸರಿಯಾಗಿ ತಿಳಿಯಲಿಲ್ಲ. "ಆ ಕ್ಯಾಸೆಟ್ಟು ಈಗಲೂ ಉಂಟು. ಮಗ ಅದನ್ನು ಮೊಬೈಲಿಗೆ ಹಾಕಿಕೊಟ್ಟಿದ್ದಾನೆ. ಹಾಡು ತೆಗೆದು ಉಪ್ಪ ಮಾತಾಡುದು ಮಾತ್ರ ಇಡ್ಲಾ ಅಂತ ಕೇಳಿದ. ಬೇಡ ಅಂದೆ. ಹಾಡು ನಿಂತ ಕೂಡ್ಲೇ ಉಪ್ಪ ಬರುದು. ನನಗೆ ಹಾಗೇ ಅಭ್ಯಾಸ ಆಗಿ ಹೋಗಿದೆ."

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಜೊಹರಾ, ನೀನು ಫೋನು ಮಾಡಿದ್ದು ಒಳ್ಳೇದಾಯ್ತು. ಒಂದು ಕೇಳ್ತೇನೆ. ಚಪ್ಪಲಿಯ ಮಾತು ಆದ ಮೇಲೆ ಉಪ್ಪ ನನಗೆ ಅಂತಲೇ ಎಂತದೋ ಹೇಳಿದ್ರು. ಉಮ್ಮನ ಹತ್ತಿರ ಕೇಳಿದ್ರೆ ಒಂದೊಂದು ಸಲ ಒಂದೊಂದು ಹೇಳ್ತಿದ್ರು. ಅಷ್ಟು ಶುಕ್ರವಾರ ಕೇಳಿದ್ರೂ ಈಗ ನನಗೂ ಅಂದಾಜು ಇಲ್ಲ. ನೀನು ಅವತ್ತು ನನ್ನ ಹತ್ತಿರವೇ ಕೂತಿದ್ದಿ. ನಿನಗೆ ಎಲ್ಲ ನೆನಪಿರ್ತದಲ್ವಾ. ಎಂತ ಹೇಳಿದ್ರು?"

ಕಣ್ಣು ಮುಚ್ಚಿದೆ. ಚಾಪೆಯ ಹರಿದ ಅಂಚು ನೆನಪಾಯಿತು. ಕಸೂತಿಯ ಬಟ್ಟೆಯ ಹಸಿರು ಗಿಳಿ, ಅಜ್ಜಿಯ ಬೆರಳಿನ ಸುಣ್ಣ, ಮೇಲೆ ರಸ್ತೆಯಲ್ಲಿ ಬಸ್ಸು ಗೇರು ಬದಲಿಸಿದ್ದು. ಅಜ್ಜಿಯ ಮೊಣಗಂಟು, ಉಮ್ಮ, ಹಸು, ಪಕ್ಕದ ಮನೆಯವರು, ಎಲ್ಲ ಅದೇ ಕ್ರಮದಲ್ಲಿ ಬಂದವು. ಚಪ್ಪಲಿಯೂ ಬಂತು. ಅದರ ಮುಂದೆ ಮೂತಾಪ ಮಾತಾಡುತ್ತಲೇ ಇದ್ದರು, ನಿಧಾನವಾಗಿ, ಯಾರಿಗೋ ಬಹಳ ಹತ್ತಿರದಿಂದ ಹೇಳುವ ಹಾಗೆ. ಶಬ್ದಗಳಿರಲಿಲ್ಲ. ಆ ಹೊತ್ತಿಗೆ ನಾನು ಬೆರಳು ಮಡಚಿಕೊಂಡು, ಯಾರ ಯಾರ ಹೆಸರು ಬಂತು, ನನ್ನದು ಎಷ್ಟನೆಯದಾಗಿ ಬರಬಹುದು ಎಂದು ಎಣಿಸುತ್ತಿದ್ದೆ.

"ನೆನಪಿಲ್ಲ, ಸಫಿಯಾ."

"ನಿನಗೂ ಇಲ್ವಾ," ಎಂದಳು.

ಅವಳು ಫೋನು ಇಡಲಿಲ್ಲ, ನಾನೂ ಇಡಲಿಲ್ಲ. ಅಭ್ಯಾಸಬಲದಿಂದ ಒಳಗೊಳಗೇ ಎಣಿಸತೊಡಗಿದೆ. ಹತ್ತು ದಾಟಿತು. ಎಣಿಸುತ್ತಲೇ ಇದ್ದೆ.